ಎಷ್ಟು ವರ್ಷ ಬಾಳಿಕೆ ಬರುತ್ತದೆ?

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನನ್ನೆದುರು ಕುಳಿತಿದ್ದರು. ಮಧ್ಯಕಿವಿಯೊಳಗೆ ಶಸ್ತ್ರಚಿಕಿತ್ಸೆಯಿಂದ ಕೂರಿಸುವ ಶ್ರವಣ ಸಾಧನದ ಬಗ್ಗೆ ನಾನು ಹೇಳುತ್ತಿದ್ದುದನ್ನು ಅವರು ಅರ್ಧ ಕಿವಿಯಿಂದ, ಇನ್ನರ್ಧ ನನ್ನ ತುಟಿಗಳ ಚಲನೆಯಿಂದ ಗ್ರಹಿಸುತ್ತಿದ್ದರು. ಚಿತ್ರ ಬರೆದು ತೋರಿಸಿದೆ, ಮಾದರಿಯನ್ನು ಕೈಗಿಟ್ಟೆ, ಖರ್ಚನ್ನೂ ಹೇಳಿದೆ. ಎಲ್ಲ ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲ ಸರಿ ಮೇಡಂ, ಇದು ಎಷ್ಟು ವರ್ಷ ಬಾಳಿಕೆ ಬರುತ್ತದೆ?"

ತೋಟಕ್ಕೆ ಪಂಪ್‌ಸೆಟ್ ಕೊಳ್ಳುವಾಗ, ಮನೆಗೆ ಹೆಂಚು ಹೊದಿಸುವಾಗ ನಮ್ಮ ಕಡೆಯವರು ಮೊದಲು ಕೇಳುವ ಪ್ರಶ್ನೆಯಿದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದುತ್ತಿದ್ದ ದಿನಗಳಿಂದ ಇಂದಿನವರೆಗೆ ನಾನು ಈ ಸಾಧನಗಳ ಬಗ್ಗೆ ಓದಿದ್ದು ಕಡಿಮೆಯೇನಲ್ಲ. ಆದರೂ ಆ ದಿನ ಅವರಿಗೆ ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಸಾಧನ ಹಾಕಿದ ಆರು ತಿಂಗಳಿಗೆ ಎಷ್ಟು ಡೆಸಿಬೆಲ್ ಲಾಭವಾಗುತ್ತದೆ ಎಂಬುದನ್ನು ನಾವು ಸಲೀಸಾಗಿ ಹೇಳುತ್ತೇವೆ; ಹತ್ತನೆಯ ವರ್ಷದಲ್ಲಿ ಏನಾಗಿರಬಹುದು ಎಂಬ ಮಾತಿಗೆ ಬಂದಾಗ ತಡವರಿಸುತ್ತೇವೆ. ಅವರಿಗೆ ಸಾವಕಾಶವಾಗಿ ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೇಷ್ಟ್ರ ಕಿವಿಯ ಕಥೆ ಮಲೆನಾಡಿನಲ್ಲಿ ಅಪರೂಪದ್ದಲ್ಲ. ಚಿಕ್ಕಂದಿನಿಂದ ಕಿವಿ ಸೋರುತ್ತಿತ್ತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಮನೆಯವರು ಕಿವಿಗೆ ಬಿಡುತ್ತಿದ್ದರು. ನಡುವಯಸ್ಸಿಗೆ ಬರುವ ಹೊತ್ತಿಗೆ ಮಧ್ಯಕಿವಿಯಲ್ಲಿ ಕೊಲೆಸ್ಟಿಯಟೋಮ, ಅಂದರೆ ಇರಬಾರದ ಜಾಗದಲ್ಲಿ ಬೆಳೆದು ಸುತ್ತಲಿನ ಮೂಳೆಯನ್ನು ಸವೆಸುತ್ತಾ ಹೋಗುವ ಚರ್ಮದ ಗಂಟು, ಬಲಿತಿತ್ತು. ಎರಡು ಬಾರಿ ಶಸ್ತ್ರಚಿಕಿತ್ಸೆಯಾಯಿತು. ರೋಗವನ್ನು ಕಿತ್ತುಹಾಕುವಾಗ ಕಿವಿನಾಳದ ಹಿಂದಿನ ಗೋಡೆಯನ್ನೂ ಕಿವಿತಮಟೆಯ ಕಂಪನವನ್ನು ಒಳಕಿವಿಗೆ ದಾಟಿಸುವ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಕಿರುಮೂಳೆಗಳಲ್ಲಿ ಅಳಿದುಳಿದವನ್ನೂ ತೆಗೆಯಬೇಕಾಯಿತು. ಈಗ ಅಲ್ಲಿರುವುದು ಒಂದು ಕುಳಿ. ಸಾಮಾನ್ಯ ಶ್ರವಣ ಸಾಧನದಿಂದ ಅವರಿಗೆ ಕೇಳಿಸದೇ ಇಲ್ಲ. ಆದರೆ ಅದರ ಕಿವಿಯ ಅಚ್ಚನ್ನು, ಅಂದರೆ ಕಿವಿನಾಳವನ್ನು ತುಂಬಿ ಕೂರುವ ಭಾಗವನ್ನು, ತೊಟ್ಟು ಒಂದು ವಾರವಾಗುವುದರೊಳಗೆ ಗಾಳಿಯಾಡದ ಕುಳಿ ಮತ್ತೆ ಒದ್ದೆಯಾಗುತ್ತದೆ, ವಾಸನೆ ಬರುತ್ತದೆ, ಅಚ್ಚನ್ನು ತೆಗೆದಿಡಬೇಕಾಗುತ್ತದೆ. ಕಿವಿ ಒಣಗಿರಬೇಕಾದರೆ ಕೇಳಿಸುವುದಿಲ್ಲ, ಕೇಳಿಸಬೇಕಾದರೆ ಕಿವಿ ಒಣಗುವುದಿಲ್ಲ. ಮಧ್ಯಕಿವಿಯ ಸಾಧನಕ್ಕೆ ನಿಜವಾದ ಅಗತ್ಯ ಇರುವುದು ಇಂಥವರಿಗೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಹಳ ಜನ ಇದನ್ನು ಕಾಕ್ಲಿಯರ್ ಇಂಪ್ಲಾಂಟ್ ಎಂದೇ ತಿಳಿದುಕೊಳ್ಳುತ್ತಾರೆ. ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯ ನೆರವಿನಿಂದ ಮಕ್ಕಳಿಗೆ ಹಾಕುವ ಕಾಕ್ಲಿಯರ್ ಇಂಪ್ಲಾಂಟ್ ಬೇರೆಯದು. ಅದು ಒಳಕಿವಿಯ ನರವನ್ನು ವಿದ್ಯುತ್ತಿನಿಂದ ನೇರವಾಗಿ ಪ್ರಚೋದಿಸುತ್ತದೆ. ಮಧ್ಯಕಿವಿಯ ಸಾಧನ ಸದ್ದನ್ನು ಕಂಪನವಾಗಿ ಬದಲಿಸಿ, ಕಿರುಮೂಳೆಗೋ ಒಳಕಿವಿಯ ಕಿಟಕಿ ಎನ್ನುವ ಪೊರೆ ಮುಚ್ಚಿದ ಸಣ್ಣ ಕಂಡಿಗೋ ಆ ಕಂಪನವನ್ನು ದಾಟಿಸುತ್ತದೆ. ಒಳಕಿವಿಯಲ್ಲಿ ಜೀವಂತ ಕೋಶಗಳು ಸಾಕಷ್ಟು ಉಳಿದಿದ್ದರೆ ಮಾತ್ರ ಇದರಿಂದ ಪ್ರಯೋಜನವಾಗುತ್ತದೆ. ಈ ವ್ಯತ್ಯಾಸವನ್ನು ಮರೆತರೆ ಮುಂದೆ ಹೇಳುವ ಯಾವುದೂ ಅರ್ಥವಾಗುವುದಿಲ್ಲ.

ಈ ಬಗೆಯ ಸಾಧನವನ್ನು ಮನುಷ್ಯರ ಕಿವಿಯಲ್ಲಿ ಮೊದಲು ಅಳವಡಿಸಿದವರು ಜಪಾನಿನ ವೈದ್ಯರು, 1984ರಲ್ಲಿ. ಆದರೆ ಇಂದು ದೀರ್ಘಕಾಲದ ಅನುಭವದ ಮಾತು ಬಂದರೆ ಮುಖ್ಯವಾಗಿ ನೋಡಬೇಕಾದದ್ದು ವೈಬ್ರಂಟ್ ಸೌಂಡ್‌ಬ್ರಿಡ್ಜ್ ಎಂಬ ಸಾಧನವನ್ನು. ಅದನ್ನು ರೂಪಿಸಿದ ಅಮೆರಿಕದ ಜೆಫ್ರಿ ಬಾಲ್ ಅವರಿಗೇ ಬಾಲ್ಯದಿಂದ ಶ್ರವಣದೋಷವಿತ್ತು. ಮುಂದೆ ತಾವು ಮಾಡಿದ ಸಾಧನವನ್ನು ತಮ್ಮ ಕಿವಿಗೇ ಹಾಕಿಸಿಕೊಂಡರು. ಮೊದಲ ಅಳವಡಿಕೆ 1996ರಲ್ಲಿ ಜ್ಯೂರಿಕ್‌ನಲ್ಲಿ, ಉಗೋ ಫಿಶ್ ಎಂಬ ಹೆಸರಾಂತ ಶಸ್ತ್ರವೈದ್ಯರ ಕೈಯಲ್ಲಿ ನಡೆಯಿತು. ಅಮೆರಿಕದಲ್ಲಿ ಔಷಧ ಮತ್ತು ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆಯಾದ ಎಫ್‌ಡಿಎ 2000ದಲ್ಲಿ ಒಪ್ಪಿಗೆ ಕೊಟ್ಟಿತು. ಇದರ ಹೃದಯಭಾಗ ಎರಡೂವರೆ ಮಿಲಿಮೀಟರಿಗಿಂತ ಚಿಕ್ಕದಾದ ಒಂದು ಉರುಳೆ. ಒಳಗೆ ಸಣ್ಣ ಅಯಸ್ಕಾಂತ, ಸುತ್ತ ತಂತಿಯ ಸುರುಳಿ, ಒಟ್ಟು ತೂಕ ಸುಮಾರು 25 ಮಿಲಿಗ್ರಾಂ. ಒಂದು ಅಕ್ಕಿಕಾಳಿನ ತೂಕ, ಹೆಚ್ಚುಕಡಿಮೆ ಅಡಿಗಲ್ಲು ಮೂಳೆಯದೇ ತೂಕ. ಕಿವಿಯ ಹಿಂದೆ ಚರ್ಮದಡಿಯಲ್ಲಿರುವ ಭಾಗದಿಂದ ಒಂದು ತಂತಿ ಈ ಉರುಳೆಗೆ ಬಂದು ಸೇರುತ್ತದೆ. ಮೈಕ್ರೋಫೋನ್ ಮತ್ತು ಬ್ಯಾಟರಿ ಇರುವ ಹೊರಭಾಗ ಅಯಸ್ಕಾಂತದ ಬಲದಿಂದ ಚರ್ಮದ ಮೇಲೆ ಅಂಟಿಕೊಂಡಿರುತ್ತದೆ.

ಒಳ್ಳೆಯ ಸುದ್ದಿಯನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದು ನಿಜವಾಗಿಯೂ ಒಳ್ಳೆಯದು. ಫ್ರಾನ್ಸಿನಲ್ಲಿ ಆರಂಭದ ವರ್ಷಗಳಲ್ಲೇ ಈ ಸಾಧನ ಪಡೆದವರನ್ನು 5ರಿಂದ 8 ವರ್ಷಗಳ ನಂತರ ಮತ್ತೆ ಪರೀಕ್ಷಿಸಿದ ವರದಿಯೊಂದು 2008ರಲ್ಲಿ ಪ್ರಕಟವಾಯಿತು. ಸಾಧನದಿಂದ ಸಿಗುವ ಲಾಭ ಅಷ್ಟು ವರ್ಷಗಳ ಮೇಲೂ ಸ್ಥಿರವಾಗಿತ್ತು. ಸ್ವಂತ ಶ್ರವಣಶಕ್ತಿ ಕಾಲಕ್ರಮದಲ್ಲಿ ಇಳಿದಿದ್ದರೂ ಸಾಧನವಿದ್ದ ಕಿವಿ ಮತ್ತು ಇಲ್ಲದ ಕಿವಿ ಎರಡರಲ್ಲೂ ಇಳಿಕೆ ಒಂದೇ ಪ್ರಮಾಣದಲ್ಲಿತ್ತು. ಅಂದರೆ ಅದು ವಯಸ್ಸಿನ ಮತ್ತು ಮೂಲ ಕಾಯಿಲೆಯ ಫಲ. ಅದೇ ವರದಿಯಲ್ಲಿ ಕೆಲವರ ಸಾಧನವನ್ನು ಹೊರತೆಗೆಯಬೇಕಾದ, ಕೆಲವರಿಗೆ ಹೊಸದನ್ನು ಹಾಕಬೇಕಾದ ಸಂಗತಿಯೂ ಇದೆ. ಇದಕ್ಕೆ ಎರಡು ವರ್ಷ ಮೊದಲು, 2006ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಂದ ವರದಿ ಹೆಚ್ಚು ಎಚ್ಚರಿಕೆಯದು. ಮಧ್ಯಕಿವಿ ಸರಿಯಿದ್ದು ಕೇವಲ ನರದೋಷದ ಕಿವುಡಿರುವವರಿಗೆ ಒಳ್ಳೆಯ ಸಾಮಾನ್ಯ ಶ್ರವಣ ಸಾಧನಕ್ಕಿಂತ ಇದರಿಂದ ವಿಶೇಷ ಲಾಭವಿಲ್ಲವೆಂದೂ, ಕಿವಿನಾಳದ ತೊಂದರೆಯಿಂದ ಅಚ್ಚನ್ನು ತೊಡಲಾಗದವರಿಗೆ ಇದನ್ನು ಮೀಸಲಿಡುವುದು ಲೇಸೆಂದೂ ಅಲ್ಲಿನ ವೈದ್ಯರು ಅಭಿಪ್ರಾಯಪಟ್ಟರು. ಚೆನ್ನಾಗಿ ಹೊಂದಿಸಿದ ಸಾಮಾನ್ಯ ಸಾಧನವನ್ನು ತೊಡಲು ಸಾಧ್ಯವಿರುವವರಿಗೆ, ಅದು ಹೊರಗೆ ಕಾಣುತ್ತದೆಂಬ ಸಂಕೋಚಕ್ಕಾಗಿ ಮಾತ್ರ ಶಸ್ತ್ರಚಿಕಿತ್ಸೆ ಬೇಡವೆಂದು ನಾನೂ ಹೇಳುತ್ತೇನೆ.

ಇನ್ನು ತೊಂದರೆಗಳು. ಉರುಳೆಯನ್ನು ಮೊದಲಿನಿಂದ ಸಿಕ್ಕಿಸುತ್ತಿದ್ದುದು ಅಡಿಗಲ್ಲು ಮೂಳೆಯ ಉದ್ದನೆಯ ಕಾಲಿಗೆ. ಆ ಕಾಲಿನ ತುದಿಗೆ ರಕ್ತಸಂಚಾರ ಸಹಜವಾಗಿಯೇ ಕಡಿಮೆ. ರಿಕಾಪು ಮೂಳೆಯ ಶಸ್ತ್ರಚಿಕಿತ್ಸೆಯಲ್ಲಿ ಅಲ್ಲಿ ಪಿಸ್ಟನ್‌ನ, ಅಂದರೆ ರಿಕಾಪಿನ ಬದಲಿಗೆ ಇಡುವ ಪುಟ್ಟ ಕಡ್ಡಿಯ, ಕೊಕ್ಕೆ ಹಾಕಿದಾಗಲೂ ವರ್ಷಗಳು ಕಳೆದ ಮೇಲೆ ಮೂಳೆ ಸವೆಯುವುದನ್ನು ಕಿವಿ ವೈದ್ಯರು ಬಹಳ ಹಿಂದಿನಿಂದ ಬಲ್ಲರು. ಈ ಸಾಧನದ ಕ್ಲಿಪ್ಪಿನಿಂದಲೂ ಕೆಲವರಲ್ಲಿ ಹಾಗೆಯೇ ಆಯಿತು. ಕ್ಲಿಪ್ ಬಿಗಿಯಾದರೆ ಮೂಳೆ ಸಾಯುತ್ತದೆ, ಸಡಿಲವಾದರೆ ಕಂಪನ ದಾಟುವುದಿಲ್ಲ. ಮುಂದೆ ಅದೇ ಮೂಳೆಯ ಗಿಡ್ಡನೆಯ ಕಾಲಿಗೆ ಸಿಕ್ಕಿಸುವ ಜೋಡಣೆಯನ್ನು ರೂಪಿಸಿದ್ದಕ್ಕೆ ಇದೂ ಒಂದು ಕಾರಣ. ಮೊದಲ ಪೀಳಿಗೆಯ ಉರುಳೆಗಳಲ್ಲಿ ಯಾಂತ್ರಿಕ ದೋಷಗಳೂ ಕಾಣಿಸಿಕೊಂಡಿದ್ದವು. ವಿನ್ಯಾಸವನ್ನು ತಿದ್ದಿದ ಮೇಲೆ ಅವು ಬಹಳ ಕಡಿಮೆಯಾದವು.

ಮೇಷ್ಟ್ರಿಗೆ ಅಡಿಗಲ್ಲೇ ಇಲ್ಲ. ಅವರಂಥವರಿಗೆ ದಾರಿ ತೋರಿಸಿದವರು ಇಟಲಿಯ ವೆರೋನಾದ ವಿತ್ತೋರಿಯೋ ಕೊಲೆಟ್ಟಿ. ಕಿರುಮೂಳೆಗಳಿಲ್ಲದ ಕಿವಿಯಲ್ಲಿ ಉರುಳೆಯನ್ನು ಒಳಕಿವಿಯ ದುಂಡು ಕಿಟಕಿಗೇ ಆನಿಸಿಟ್ಟು, ಸದ್ದನ್ನು ಹಿಂಬಾಗಿಲಿನಿಂದ ಒಳಗೆ ಕಳಿಸಬಹುದೆಂದು ಅವರು 2006ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದರು. ಅದನ್ನು ವಿದ್ಯಾರ್ಥಿನಿಯಾಗಿ ಮೊದಲು ಓದಿದಾಗ ನನಗಾದ ಸಂತೋಷ ಇನ್ನೂ ನೆನಪಿದೆ, ಏಕೆಂದರೆ ನಮ್ಮ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಹತ್ತಿ ಉಂಡೆ ಹಿಡಿದು ಕೂರುತ್ತಿದ್ದವರೆಲ್ಲ ಇಂಥ ಕಿವಿಯವರೇ. ಆದರೆ ಬಾಳಿಕೆಯ ಪ್ರಶ್ನೆ ಕಠಿಣವಾಗುವುದೂ ಇಲ್ಲಿಯೇ. ದುಂಡು ಕಿಟಕಿಯ ಪೊರೆ ಹೆಚ್ಚೆಂದರೆ ಎರಡು ಮಿಲಿಮೀಟರ್ ಅಗಲದ್ದು, ಉರುಳೆಯೂ ಬಹುತೇಕ ಅಷ್ಟೇ ದಪ್ಪ. ಕಿಟಕಿಯನ್ನು ಮರೆಮಾಡಿರುವ ಮೂಳೆಯ ಅಂಚನ್ನು ಶಸ್ತ್ರವೈದ್ಯರು ಕೊರೆದು ಜಾಗ ಮಾಡಬೇಕು, ಕೊರೆಯುವಾಗ ಒಳಕಿವಿಗೆ ಆಘಾತವಾಗದಂತೆ ನೋಡಿಕೊಳ್ಳಬೇಕು, ಉರುಳೆ ಮೂಳೆಗೆ ತಾಗದೆ ಪೊರೆಗೆ ಮಾತ್ರ ಒತ್ತಿಕೊಳ್ಳುವಂತೆ ಇಡಬೇಕು, ಹಿಂದಿನಿಂದ ಮೃದ್ವಸ್ಥಿಯ ಚೂರಿನ ಆಸರೆ ಕೊಡಬೇಕು. ಅಡಿಗಲ್ಲಿನ ಮೇಲಿದ್ದಂತೆ ಇಲ್ಲಿ ಹಿಡಿದು ನಿಲ್ಲಿಸುವ ಕ್ಲಿಪ್ ಇಲ್ಲ. ಗಾಯ ಮಾಯುವಾಗ ಸುತ್ತಲಿನ ಅಂಗಾಂಶ ಸ್ವಲ್ಪ ಎಳೆದುಕೊಂಡರೂ, ತಂತಿಯ ಒತ್ತಡ ಬದಲಾದರೂ ಉರುಳೆ ಕಿಟಕಿಯಿಂದ ಜಾರುತ್ತದೆ. ಆಗ ನಿನ್ನೆಯವರೆಗೆ ಚೆನ್ನಾಗಿ ಕೇಳುತ್ತಿದ್ದವರು "ಮಾತು ದೂರ ಹೋಯಿತು" ಎಂದು ಬರುತ್ತಾರೆ. ಪರೀಕ್ಷಿಸಿ ನೋಡಿದರೆ ಹೊರಗಿನ ಭಾಗ ಸರಿಯಿರುತ್ತದೆ, ಒಳಗಿನ ವಿದ್ಯುತ್ ಸಂಪರ್ಕವೂ ಸರಿಯಿರುತ್ತದೆ, ಕಂಪನ ತಲುಪಬೇಕಾದಲ್ಲಿಗೆ ತಲುಪುತ್ತಿರುವುದಿಲ್ಲ. ಕಿವಿಯನ್ನು ಮತ್ತೆ ತೆರೆಯದೆ ಅದನ್ನು ಸರಿಪಡಿಸಲಾಗದು. ಅಡಿಗಲ್ಲಿನ ಜೋಡಣೆಗಿಂತ ದುಂಡು ಕಿಟಕಿಯ ಜೋಡಣೆಯಲ್ಲಿ ಮರುಶಸ್ತ್ರಚಿಕಿತ್ಸೆಯ ಸಂಭವ ಹೆಚ್ಚೆಂಬುದನ್ನು ರೋಗಿಗೆ ಮೊದಲೇ ಸ್ಪಷ್ಟವಾಗಿ ಹೇಳಬೇಕು.

ಕೊಲೆಸ್ಟಿಯಟೋಮ ಇದ್ದ ಕಿವಿಯಲ್ಲಿ ಇನ್ನೊಂದು ತೊಡಕಿದೆ. ಮೇಷ್ಟ್ರ ವಿಷಯದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅದೇ. ಕುಳಿಯ ಒಳಗೋಡೆಯನ್ನು ಹೊದ್ದಿರುವ ಚರ್ಮ ಬಹಳ ತೆಳು. ಅದರಡಿಯಲ್ಲಿ ಹಾಯ್ದುಹೋಗುವ ತಂತಿ ವರ್ಷಗಳ ಮೇಲೆ ಆ ಚರ್ಮವನ್ನು ಸವೆಸಿಕೊಂಡು ಹೊರಗೆ ಕಾಣಿಸಿಕೊಳ್ಳಬಹುದು. ಒಮ್ಮೆ ತಂತಿ ಬಯಲಾಯಿತೆಂದರೆ ಸೋಂಕು ಅದರ ಗುಂಟ ಒಳಗೆ ಹೋಗುತ್ತದೆ. ಇದನ್ನು ತಪ್ಪಿಸಲು ಅನೇಕ ಶಸ್ತ್ರವೈದ್ಯರು ಕುಳಿಯ ಚರ್ಮವನ್ನೆಲ್ಲ ತೆಗೆದು, ಹೊಟ್ಟೆಯ ಭಾಗದಿಂದ ತಂದ ಕೊಬ್ಬನ್ನು ತುಂಬಿ, ಕಿವಿನಾಳದ ಬಾಯನ್ನು ಶಾಶ್ವತವಾಗಿ ಹೊಲಿದು ಮುಚ್ಚುತ್ತಾರೆ. ಕಿವಿ ಒಣಗುತ್ತದೆ, ಸಾಧನ ಸುರಕ್ಷಿತವಾಗುತ್ತದೆ. ಆದರೆ ಆ ಮುಚ್ಚಿದ ಕಿವಿಯೊಳಗೆ ಚರ್ಮದ ಒಂದು ಕಣ ಉಳಿದಿದ್ದರೂ ಕೊಲೆಸ್ಟಿಯಟೋಮ ಸದ್ದಿಲ್ಲದೆ ಮತ್ತೆ ಬೆಳೆಯಬಲ್ಲದು, ಮತ್ತು ಹೊರಗಿನಿಂದ ಬೆಳಕು ಬಿಟ್ಟು ನೋಡುವ ದಾರಿ ಇನ್ನಿಲ್ಲ. ನೋಡಬೇಕಾದರೆ ಎಂಆರ್‌ಐ ಬೇಕು. ಎಂಆರ್‌ಐ ಚಿತ್ರದಲ್ಲಿ ಸಾಧನದ ಅಯಸ್ಕಾಂತ ತನ್ನ ಸುತ್ತ ದೊಡ್ಡದೊಂದು ಕಪ್ಪು ನೆರಳನ್ನು ಚೆಲ್ಲುತ್ತದೆ, ಮತ್ತು ಆ ನೆರಳು ಬೀಳುವುದು ನಾವು ನೋಡಬೇಕಾದ ಜಾಗದ ಮೇಲೆಯೇ. ಹಾಗಾಗಿ ರೋಗ ಉಳಿದಿಲ್ಲವೆಂಬುದನ್ನು ಸಾಧನ ಹಾಕುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಮೊದಲು ಕಿವಿಯನ್ನು ಮುಚ್ಚಿ, ತಿಂಗಳುಗಟ್ಟಲೆ ಕಾದು, ಎಂಆರ್‌ಐ ಮಾಡಿ, ಎರಡನೆಯ ಹಂತದಲ್ಲಿ ಸಾಧನ ಅಳವಡಿಸುವ ಕ್ರಮ ನನಗೆ ಹೆಚ್ಚು ಸುರಕ್ಷಿತವೆನಿಸುತ್ತದೆ. ರೋಗಿಗೆ ಎರಡು ಬಾರಿ ಅರಿವಳಿಕೆ, ಎರಡು ಬಾರಿ ಖರ್ಚು. ಹಾಗಿದ್ದರೂ ಇದನ್ನು ಅವಸರದಲ್ಲಿ ಮಾಡುವ ಕೆಲಸವೆಂದು ನಾನು ಭಾವಿಸುವುದಿಲ್ಲ.

ಎಂಆರ್‌ಐ ಮಾತು ಕಿವಿಗಷ್ಟೇ ಸೀಮಿತವಲ್ಲ. ಅರವತ್ತು ದಾಟಿದವರಿಗೆ ಸೊಂಟನೋವು, ಮಂಡಿನೋವು, ಪಾರ್ಶ್ವವಾಯು ಯಾವುದಕ್ಕಾದರೂ ಒಂದು ದಿನ "ಎಂಆರ್‌ಐ ಮಾಡಿಸಿಕೊಂಡು ಬನ್ನಿ" ಎಂಬ ಚೀಟಿ ಸಿಗುವುದು ಈಗ ಸಾಮಾನ್ಯ. ಸೌಂಡ್‌ಬ್ರಿಡ್ಜ್‌ನ ಹಳೆಯ ಮಾದರಿಗಳಿಗೆ ಎಂಆರ್‌ಐ ಸಲ್ಲದು ಎಂದೇ ತಯಾರಕರು ಎಚ್ಚರಿಸಿದ್ದರು. ಸುಮಾರು 2014ರಿಂದ ಬಂದ ಮಾದರಿಯಲ್ಲಿ 1.5 ಟೆಸ್ಲಾ ಬಲದ ಯಂತ್ರಕ್ಕೆ ನಿಬಂಧನೆಗಳೊಡನೆ ಅನುಮತಿಯಿದೆ. ಅನೇಕ ಕೇಂದ್ರಗಳಲ್ಲಿ ಈಗಿರುವುದು 3 ಟೆಸ್ಲಾ ಯಂತ್ರ. ಅದು ಈ ಸಾಧನಕ್ಕೆ ಹೇಳಿದ್ದಲ್ಲ. ಸಾಧನದ ಗುರುತಿನ ಚೀಟಿಯನ್ನು ಆಧಾರ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿದರೆ ಹೇಳಬೇಕಾದವರು ಮನೆಯವರು. ಆದ್ದರಿಂದ ಸಾಧನದ ವಿಷಯ ಹೆಂಡತಿಗೂ ಸೊಸೆಗೂ ಮಗನಿಗೂ ಗೊತ್ತಿರಬೇಕು.

ಮಧ್ಯಕಿವಿಗೆ ಹೋಗುವ ದಾರಿ ಎರಡು ನರಗಳ ನಡುವಿನ ಇಕ್ಕಟ್ಟಿನಲ್ಲಿದೆ: ಒಂದು ಮುಖದ ನರ, ಇನ್ನೊಂದು ನಾಲಿಗೆಯ ರುಚಿಯನ್ನು ಒಯ್ಯುವ ನರ. ರುಚಿಯ ನರ ಎಳೆದಾಟಕ್ಕೆ ಸಿಕ್ಕರೆ ಕೆಲವು ತಿಂಗಳು ನಾಲಿಗೆಯ ಒಂದು ಬದಿಯಲ್ಲಿ ಲೋಹದ ರುಚಿಯೋ ಮರಗಟ್ಟಿದ ಭಾವವೋ ಉಳಿಯುತ್ತದೆ. ಹೆಚ್ಚಿನವರಲ್ಲಿ ಕ್ರಮೇಣ ತಗ್ಗುತ್ತದೆ. ಮುಖದ ನರಕ್ಕೆ ಪೆಟ್ಟಾಗುವುದು ಅನುಭವಿ ಕೈಗಳಲ್ಲಿ ವಿರಳ.

ಹೊರಗೆ ಏನೂ ಕಾಣದ, ಪೂರ್ತಿ ಒಳಗೇ ಅಡಗಿದ ಸಾಧನ ಇಲ್ಲವೇ ಎಂದು ಹಲವರು ಕೇಳುತ್ತಾರೆ. ಎಸ್ಟೀಮ್ ಎಂಬ ಸಾಧನಕ್ಕೆ ಎಫ್‌ಡಿಎ 2010ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಮೈಕ್ರೋಫೋನ್ ಇಲ್ಲ. ಕಿವಿತಮಟೆಯ ಕಂಪನವನ್ನೇ ಹಿಡಿದು, ಹಿಗ್ಗಿಸಿ, ರಿಕಾಪು ಮೂಳೆಗೆ ಕೊಡುತ್ತದೆ. ಅದು ಮರಳಿ ತನ್ನನ್ನೇ ಕೇಳಿಸಿಕೊಂಡು ಕೀರಲಿಡಬಾರದೆಂದು ಅಡಿಗಲ್ಲಿನ ಒಂದು ತುಣುಕನ್ನು ಕತ್ತರಿಸಿ ತೆಗೆಯಬೇಕು. ಒಳ್ಳೆಯ ಸ್ಥಿತಿಯಲ್ಲಿರುವ ಮೂಳೆ ಸರಪಳಿಯನ್ನು ಬೇಕೆಂದೇ ಮುರಿಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಎಫ್‌ಡಿಎ ಮುಂದಿಟ್ಟ ಪ್ರಯೋಗದಲ್ಲಿ ಶೇ 42ರಷ್ಟು ಜನರಿಗೆ ರುಚಿಯ ವ್ಯತ್ಯಾಸವೂ ಶೇ 7ರಷ್ಟು ಜನರಿಗೆ ಮುಖದ ಸ್ನಾಯುಗಳ ದೌರ್ಬಲ್ಯವೂ ಕಾಣಿಸಿಕೊಂಡವು. ಇವುಗಳಲ್ಲಿ ಬಹುಪಾಲು ವರ್ಷದೊಳಗೆ ವಾಸಿಯಾದವು. ಬ್ಯಾಟರಿ ಮುಗಿದಾಗಲೆಲ್ಲ ಕಿವಿಯ ಹಿಂದೆ ಮತ್ತೊಮ್ಮೆ ಕತ್ತರಿಸಿ ಬದಲಿಸಬೇಕು. ಚರ್ಮದಡಿಯಲ್ಲಿ ಮೈಕ್ರೋಫೋನ್ ಇಟ್ಟ ಕರೀನಾದಂಥ ಸಾಧನಗಳಲ್ಲಿ ತೊಂದರೆ ಬೇರೆ: ಅಗಿಯುವ ಸದ್ದು, ತಲೆ ಬಾಚುವ ಸದ್ದು, ತಮ್ಮದೇ ಧ್ವನಿ, ಇವೆಲ್ಲ ಎದುರಿನವರ ಮಾತಿಗಿಂತ ಜೋರಾಗಿ ಕೇಳಿಸುತ್ತಿದ್ದುದುಂಟು. ಹೊರಭಾಗವಿರುವ ಸಾಧನ ಕೆಟ್ಟರೆ ಮೇಜಿನ ಮೇಲೆ ಬದಲಿಸಬಹುದು. ಈ ಅನುಕೂಲದ ಬೆಲೆ ತಿಳಿಯುವುದು ಹತ್ತು ವರ್ಷಗಳ ನಂತರವೇ.

ಬಾಳಿಕೆಯ ಬಗ್ಗೆ ವೈದ್ಯಕೀಯ ಲೇಖನಗಳು ಬಹುತೇಕ ಬರೆಯದೆ ಬಿಡುವ ಸಂಗತಿಯೊಂದಿದೆ. ಸಾಧನ ಬಾಳಿದರೂ ಅದನ್ನು ಮಾಡಿದ ಕಂಪನಿ ಬಾಳದಿರಬಹುದು. ಸೌಂಡ್‌ಬ್ರಿಡ್ಜ್ ತಯಾರಿಸುತ್ತಿದ್ದ ಸಿಂಫೋನಿಕ್ಸ್ ಕಂಪನಿ 2002ರ ಕೊನೆಯ ಹೊತ್ತಿಗೆ ಕೆಲಸ ನಿಲ್ಲಿಸಿತು. ಮರುವರ್ಷ ಆಸ್ಟ್ರಿಯದ ಮೆಡ್-ಎಲ್ ಅದನ್ನು ಕೈಗೆತ್ತಿಕೊಂಡಿದ್ದರಿಂದ ಅಲ್ಲಿಯವರೆಗೆ ಸಾಧನ ಹಾಕಿಸಿಕೊಂಡವರು ಕೈಬಿಟ್ಟುಹೋಗಲಿಲ್ಲ. ಎಲ್ಲರಿಗೂ ಅಂಥ ಅದೃಷ್ಟವಿರಲಿಲ್ಲ. ಜರ್ಮನಿಯಲ್ಲಿ ರೂಪುಗೊಂಡ ಟೀಕಾ ಎಂಬ ಪೂರ್ಣ ಒಳಗಿನ ಸಾಧನವೂ ಅಮೆರಿಕದ ಸೌಂಡ್‌ಟೆಕ್ ಕೂಡ ಒಪ್ಪಿಗೆ ಪಡೆದ ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಮರೆಯಾದವು. ಕರೀನಾದ ತಯಾರಿಕೆಯೂ ನಿಂತಿದೆ. ಹೊರದೇಶದಲ್ಲಿ ದುಡಿಯುತ್ತಿದ್ದಾಗ ಮಧ್ಯಕಿವಿಯ ಸಾಧನ ಹಾಕಿಸಿಕೊಂಡು ಊರಿಗೆ ಮರಳಿದ ಮಹಿಳೆಯೊಬ್ಬರು ನನ್ನಲ್ಲಿಗೆ ಬರುತ್ತಾರೆ. ಕಿವಿಯೊಳಗಿನದು ಇಂದಿಗೂ ಸರಿಯಾಗಿದೆ. ಹೊರಭಾಗ ಮಳೆಗಾಲದ ತೇವಕ್ಕೆ ಕೆಟ್ಟಾಗ ಆ ಮಾದರಿಯನ್ನು ಈಗ ತಯಾರಿಸುತ್ತಿಲ್ಲವೆಂಬ ಉತ್ತರ ಬಂತು. ಬಳಸಿದ ಒಂದು ಭಾಗವನ್ನು ಪರದೇಶದಿಂದ ತರಿಸಿಕೊಳ್ಳುವವರೆಗೆ, ಒಳ್ಳೆಯ ಸಾಧನವನ್ನು ಕಿವಿಯಲ್ಲೇ ಇಟ್ಟುಕೊಂಡು ಅವರು ಐದು ತಿಂಗಳು ಮೌನದಲ್ಲಿ ಕಳೆದರು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದ್ದು ತಿಳಿಯದೆ ಕೈ ಸುಟ್ಟುಕೊಂಡಿದ್ದನ್ನು ಹೇಳುವಾಗ ಅವರ ಕಣ್ಣು ತುಂಬಿತ್ತು. ದೇಹದೊಳಗೆ ಸಾಧನ ಇಡುವವರು ಅದರ ಬಿಡಿಭಾಗಗಳನ್ನು ಎಷ್ಟು ವರ್ಷ ಒದಗಿಸುತ್ತೇವೆಂದು ಬರೆದುಕೊಡುವುದು ಕಾನೂನಿನ ಕಡ್ಡಾಯವಾಗಬೇಕು ಎಂದು ನಾನು ಅಂದಿನಿಂದ ಹೇಳುತ್ತಾ ಬಂದಿದ್ದೇನೆ.

ಮಧ್ಯಕಿವಿಯ ಸಾಧನವನ್ನು ಹಾಕಿಸಿಕೊಳ್ಳುವ ಮೊದಲು ತೊಟ್ಟು ನೋಡಲು ಸಾಧ್ಯವಿಲ್ಲ. ಇದು ಅದರ ದೊಡ್ಡ ಕೊರತೆ. ಮೂಳೆಯ ಮೂಲಕ ಸದ್ದನ್ನು ಕಳಿಸುವ ಸಾಧನಗಳನ್ನಾದರೋ ತಲೆಪಟ್ಟಿಗೆ ಸಿಕ್ಕಿಸಿ ಮನೆಯಲ್ಲಿ ವಾರಗಟ್ಟಲೆ ಬಳಸಿ ನೋಡಬಹುದು. ಒಳಕಿವಿ ಅಷ್ಟಾಗಿ ಕೆಟ್ಟಿರದಿದ್ದರೆ ಅವೂ ಒಳ್ಳೆಯ ಫಲ ಕೊಡುತ್ತವೆ. ಮೇಷ್ಟ್ರ ಒಳಕಿವಿಯ ಶಕ್ತಿ ಗಡಿಯ ಮೇಲಿದೆ: ಇಂದು ತಲೆಪಟ್ಟಿಯಿಂದ ಕೇಳಿಸುತ್ತದೆ, ಆದರೆ ವಯಸ್ಸಿನೊಡನೆ ಇನ್ನಷ್ಟು ಇಳಿದರೆ ಆ ಬಗೆಯ ಸಾಧನದ ಬಲ ಸಾಲದಾಗಬಹುದು, ಆಗ ದುಂಡು ಕಿಟಕಿಯ ಉರುಳೆಯೇ ಹೆಚ್ಚು ಕಾಲ ಆಸರೆಯಾದೀತು. ಯಾವುದು ಸರಿ ಎಂದು ಒಂದೇ ಮಾತಿನಲ್ಲಿ ಹೇಳಲು ನನಗೆ ಆಗಲಿಲ್ಲ. ಅವರಿಗೆ ತಲೆಪಟ್ಟಿಯನ್ನು ಒಂದು ತಿಂಗಳ ಮಟ್ಟಿಗೆ ಕೊಟ್ಟು ಕಳಿಸಿದೆ.

ತಿಂಗಳ ಮೇಲೆ ಬಂದ ಮೇಷ್ಟ್ರು ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ದಿನದಿನದ ಟಿಪ್ಪಣಿ ಬರೆದು ತಂದಿದ್ದರು. ಮೊಮ್ಮಗಳ ಮಾತು ಅಂಗಳದಿಂದ ಕೇಳಿಸಿದ ದಿನ, ಸಂತೆಯ ಗದ್ದಲದಲ್ಲಿ ಏನೂ ತಿಳಿಯದ ದಿನ, ಪಟ್ಟಿ ಒತ್ತಿ ತಲೆನೋವು ಬಂದ ದಿನ, ಎಲ್ಲವೂ ಅದರಲ್ಲಿದ್ದವು. ಕೊನೆಯ ಪುಟದಲ್ಲಿ ಶಸ್ತ್ರವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳಿದ್ದವು: ದುಂಡು ಕಿಟಕಿಯ ಜೋಡಣೆಯನ್ನು ನೀವು ಎಷ್ಟು ಮಾಡಿದ್ದೀರಿ, ಅದರಲ್ಲಿ ಎಷ್ಟನ್ನು ಮತ್ತೆ ತೆರೆಯಬೇಕಾಯಿತು, ನನಗೆ ಎಂಬತ್ತಾದಾಗ ಹೊರಭಾಗ ಕೆಟ್ಟರೆ ಶಿವಮೊಗ್ಗದಲ್ಲಿ ಸಿಗುತ್ತದೆಯೇ, ಬೆಂಗಳೂರಿಗೆ ಹೋಗಬೇಕೇ. ಕಿವಿಯನ್ನು ಮುಚ್ಚಿಸಿಕೊಳ್ಳುವ ಮೊದಲ ಹಂತಕ್ಕೆ ಅವರು ಒಪ್ಪಿದ್ದಾರೆ. ಮುಂದಿನ ವರ್ಷದ ಎಂಆರ್‌ಐ ನೋಡಿದ ಮೇಲೆ ಉಳಿದದ್ದನ್ನು ತೀರ್ಮಾನಿಸುತ್ತೇವೆ.